ಹಾರರ್ ಟ್ರೇಲರ್ ಕಟ್ ಮಾಡೋದು ಹೇಗೆ? ದೆವ್ವ ಬೇಡ, ಬಾಗಿಲು ತೋರಿಸಿ

ಶಾರ್ಟ್ ಫಿಲ್ಮ್ ಮಾಡೋ ಹುಡುಗ್ರು ಟ್ರೇಲರ್ ಕಳ್ಸಿ ನೋಡಿ ಹೇಳಿ ಅಂತಾರೆ, ಓಪನ್ ಮಾಡಿದ್ರೆ ಇಪ್ಪತ್ತನೇ ಸೆಕೆಂಡಿಗೇ ಬಿಳಿ ಸೀರೆ, ಬಿಚ್ಚಿದ ಕೂದಲು, ಕಣ್ಣಿಗೆ ಲೆನ್ಸ್. ಅಷ್ಟು ಕಷ್ಟಪಟ್ಟು ಮೇಕಪ್ ಮಾಡ್ಸಿದ್ದಾರೆ, ತೋರಿಸ್ಬೇಕು ಅನ್ನೋ ಆಸೆ ನನಗೂ ಅರ್ಥ ಆಗುತ್ತೆ. ಆದ್ರೆ ಮುಖ ಕಂಡ ತಕ್ಷಣ ಭಯ ಅರ್ಧ ಇಳಿದುಹೋಗುತ್ತೆ, ಆಮೇಲೆ ಟಿಕೆಟ್ ತಗೊಂಡು ನೋಡೋಕೆ ಏನು ಉಳೀತು?

1980ರ ‘ದಿ ಶೈನಿಂಗ್’ ಟ್ರೇಲರ್ ಒಂದ್ಸಲ ನೋಡಿ. ಒಂದೇ ಶಾಟ್. ಹೋಟೆಲಿನ ಲಿಫ್ಟ್ ಬಾಗಿಲು, ಕ್ಯಾಮೆರಾ ಅಲ್ಲಾಡಲ್ಲ, ಹೆಸರುಗಳು ಕೆಳಗಿಂದ ಮೇಲಕ್ಕೆ ಹೋಗ್ತಾ ಇರುತ್ವೆ, ಆಮೇಲೆ ರಕ್ತ ಹೊಳೆ ಥರ ನುಗ್ಗಿ ಬಂದು ಲೆನ್ಸನ್ನೇ ಮುಚ್ಚಿಬಿಡುತ್ತೆ. ಡೈಲಾಗ್ ಇಲ್ಲ, ಒಬ್ಬ ನಟನೂ ಇಲ್ಲ.

ಹಾಗಾಗಿ ಮೊದಲ ಕೆಲಸ, ದೆವ್ವ ಪೂರ್ತಿ ಕಾಣೋ ಶಾಟ್‌ಗಳನ್ನೆಲ್ಲ ಬೇರೆ ಫೋಲ್ಡರಿಗೆ ಹಾಕಿ ಮರೆತುಬಿಡಿ. ಉಳಿದಿದ್ರಲ್ಲಿ ಬಾಗಿಲು, ಮೆಟ್ಟಿಲು, ಕೈ, ಬೆನ್ನು, ಏನನ್ನೋ ನೋಡಿ ನಿಂತುಬಿಟ್ಟ ಮಗು, ಇಂಥವನ್ನ ಹುಡುಕಿ ತೆಗೀರಿ.

ಶುರು ಮಾತ್ರ ಮಾಮೂಲಿ ಜೀವನದಿಂದಾನೇ ಆಗ್ಲಿ. ಹೊಸ ಮನೆಗೆ ಬಂದ ಸಂಸಾರ, ಬಿಸಿಲು, ಲಗೇಜ್ ಇಳಿಸೋದು, ಮಕ್ಕಳ ನಗು. ಎಲ್ಲರೂ ಇದನ್ನೇ ಮಾಡ್ತಾರೆ ಅಂತ ಬೈತಾರೆ, ಬೈಲಿ, ಆ ಮನೆಯವ್ರು ಚೆನ್ನಾಗಿರ್ಲಿ ಅಂತ ನೋಡೋರಿಗೆ ಅನ್ನಿಸ್ದೇ ಇದ್ರೆ ಮುಂದೆ ಅವರಿಗೇನಾದ್ರೂ ನಮಗೇನು ಅನ್ನೋ ಥರ ಆಗುತ್ತೆ. ಮೂವತ್ತು ಸೆಕೆಂಡ್ ಸಾಕು. ಆಮೇಲೆ ಒಂದೇ ಒಂದು ವಿಷಯ ಎಡವಟ್ಟಾಗ್ಬೇಕು, ಮೂರಲ್ಲ.

ಈಗ ಕಪ್ಪು. ಶಾಟ್ ಮಧ್ಯೆ ಸ್ಕ್ರೀನ್ ಕಪ್ಪಾಗೋದು ಹಾರರ್ ಟ್ರೇಲರ್‌ನ ಹಳೇ ಕ್ರಮ, ಅದು ಉಸಿರಾಟದ ಥರ ಕೆಲ್ಸ ಮಾಡುತ್ತೆ. ನಾನು ಒಂದು ತೊಟ್ಟಿಮನೆ ಕಥೆಗೆ ಹೀಗೆ ಕಟ್ ಮಾಡಿದ್ದೆ: ಅಜ್ಜಿ ಕೈ ಬಾಗಿಲ ಚಿಲಕ ಹಾಕುತ್ತೆ, ಕಬ್ಬಿಣ ಉಜ್ಜೋ ಕಿರ್ರ್ ಸದ್ದು, ಕಪ್ಪು ಒಂದು ಸೆಕೆಂಡ್, ಮತ್ತೆ ಅದೇ ಚಿಲಕ ಅದೇ ಆಂಗಲ್, ಈ ಸಲ ಕೈ ಇಲ್ಲ, ಚಿಲಕ ತಾನಾಗೇ ನಿಧಾನ ಹಿಂದಕ್ಕೆ ಸರಿಯುತ್ತೆ. ಅದು ಪೂರ್ತಿ ತೆರೆಯೋ ಮುಂಚೆ ಮತ್ತೆ ಕಪ್ಪು. ಪೂರ್ತಿ ತೆರೆಯೋವರೆಗೂ ಇಟ್ಟು ನೋಡಿದ್ದೆ, ಭಯ ಆಗ್ಲಿಲ್ಲ.

ಸೌಂಡಿಗೆ ಎಡಿಟಿಂಗಿಗಿಂತ ಜಾಸ್ತಿ ಟೈಮ್ ಕೊಡಿ, ಇದನ್ನ ಎಷ್ಟು ಸಲ ಹೇಳಿದ್ರೂ ಸಾಲಲ್ಲ. 2013ರ ‘ದಿ ಕಾಂಜ್ಯೂರಿಂಗ್’ ಟ್ರೇಲರ್‌ನಲ್ಲಿ ತಾಯಿ ಕತ್ತಲಲ್ಲಿ ಬೆಂಕಿಕಡ್ಡಿ ಗೀರಿ ಕೂತಿರ್ತಾಳೆ, ಹಿಂದಿನಿಂದ ಎರಡು ಕೈ ಬಂದು ಚಪ್ಪಾಳೆ ಹೊಡೆಯುತ್ವೆ, ಅಷ್ಟೇ. ಆ ಚಪ್ಪಾಳೆಗೆ ಜಾಗ ಮಾಡಿಕೊಡೋದು ಅದಕ್ಕಿಂತ ಮುಂಚಿನ ನಿಶ್ಶಬ್ದ. ಜೋರು ಸದ್ದು ಬೇಕು ಅಂದ್ರೆ ಅದರ ಹಿಂದಿನ ಒಂದೆರಡು ಸೆಕೆಂಡ್ ಮ್ಯೂಸಿಕ್ ಪೂರ್ತಿ ತೆಗೀರಿ. ಇನ್ನೊಂದು, ಬರೀ ಬೇಸ್ ನಂಬ್ಕೋಬೇಡಿ, ಮೊಬೈಲ್ ಸ್ಪೀಕರಲ್ಲಿ ಆ ಗುಡುಗು ಕೇಳಿಸೋದೇ ಇಲ್ಲ, ಜೊತೆಗೆ ಮರ ಬಿರಿಯೋದು, ಪಾತ್ರೆ ಉರುಳೋದು ಇಂಥ ಸದ್ದು ಸೇರಿಸಿ. ಹಳೇ ಸಿನಿಮಾ ಹಾಡನ್ನ ನಿಧಾನ ಮಾಡಿ ಹಾಕೋದೂ ರೂಢಿ, ಆದ್ರೆ ರೈಟ್ಸ್ ಕೇಳ್ದೆ ಹಾಕಿದ್ರೆ ಕಾಪಿರೈಟ್ ಕ್ಲೇಮ್ ಬರುತ್ತೆ. ನಿಮ್ಮ ಊರಿನ ಹಳೇ ಜೋಗುಳವನ್ನ ಮನೆಯವರ ಹತ್ರಾನೇ ಹಾಡ್ಸಿ ರೆಕಾರ್ಡ್ ಮಾಡಿ. ನಿಮ್ದು ಕನ್ನಡದ ‘6-5=2’ ಸಿನಿಮಾ ಥರ ಫೌಂಡ್ ಫುಟೇಜ್ ಕಥೆ, ಅಂದ್ರೆ ಪಾತ್ರಗಳೇ ಶೂಟ್ ಮಾಡಿದ ವಿಡಿಯೋ ಆಮೇಲೆ ಸಿಕ್ಕಿತು ಅನ್ನೋ ಥರದ್ದು ಆದ್ರೆ ಮ್ಯೂಸಿಕ್ ಆದಷ್ಟು ಕಮ್ಮಿ ಮಾಡಿ, ಕ್ಯಾಮೆರಾದಲ್ಲಿ ಬಂದ ಸದ್ದೇ ನಂಬಿಕೆ ಹುಟ್ಟಿಸುತ್ತೆ.

ಕೊನೇ ಭಾಗದಲ್ಲಿ ಸ್ಪೀಡ್. ಏರ್ತಾ ಹೋಗೋ ಒಂದು ಸದ್ದು, ಅದರ ಮೇಲೆ ಆರೆಂಟು ಫ್ರೇಮಿನ, ಅಂದ್ರೆ ಸುಮಾರು ಕಾಲು ಸೆಕೆಂಡಿನ, ಚಿಕ್ಕ ಚಿಕ್ಕ ಶಾಟ್. ದೆವ್ವದ ಮುಖ ಹಾಕ್ಲೇಬೇಕು ಅಂತಿದ್ರೆ ಇಲ್ಲಿ ನಾಲ್ಕು ಫ್ರೇಮ್ ಹಾಕಿ, ಕಂಡಿತೋ ಇಲ್ವೋ ಅನ್ನೋ ಥರ. ಸದ್ದು ತುತ್ತತುದಿಗೆ ಹೋದಾಗ ಎಲ್ಲ ಕಟ್, ಟೈಟಲ್.

ಟೈಟಲ್ ಆದ್ಮೇಲೆ ಒಂದು ಕೊನೇ ಬೆಚ್ಚಿಬೀಳ್ಸೋ ಶಾಟ್ ಇರುತ್ತೆ ಅಂತ ಈಗ ಮಕ್ಕಳಿಗೂ ಗೊತ್ತು. ಗೊತ್ತಿದ್ರೂ ಬೆಚ್ಚಿಬೀಳ್ತಾರೆ, ಟೈಮಿಂಗ್ ಅವರು ಎಣಿಸಿದ್ದಕ್ಕಿಂತ ಬೇರೆ ಇರ್ಬೇಕು ಅಷ್ಟೇ. ಎರಡು ಸೆಕೆಂಡ್ ಕಾಯ್ತಾರೆ ಅಂದ್ರೆ ನೀವು ನಾಲ್ಕು ಕಾಯಿಸಿ.

ಒಟ್ಟು ಎರಡು ನಿಮಿಷ ದಾಟದಿರ್ಲಿ, ಅಮೆರಿಕದ ಥಿಯೇಟರ್ ಮಾಲೀಕರ ಸಂಘವೇ 2014ರಲ್ಲಿ ಟ್ರೇಲರ್ ಎರಡು ನಿಮಿಷ ಸಾಕು ಅಂದಿತ್ತು. ಥಿಯೇಟರಲ್ಲಿ ಹಾಕೋದಾದ್ರೆ ಸಿನಿಮಾದಂತೆ ಟ್ರೇಲರಿಗೂ ಸೆನ್ಸಾರ್ ಸರ್ಟಿಫಿಕೇಟ್ ಬೇಕು, ಅದಕ್ಕೆ ಟೈಮ್ ಇಟ್ಕೊಳ್ಳಿ.

ಅಪ್‌ಲೋಡ್ ಮಾಡೋ ಮುಂಚೆ ಕಥೆ ಗೊತ್ತಿಲ್ದೇ ಇರೋ ಒಬ್ರನ್ನ ರಾತ್ರಿ ಲೈಟ್ ಆರ್ಸಿ ಕೂರಿಸಿ ಮೊಬೈಲಲ್ಲಿ ತೋರ್ಸಿ. ನೀವು ಸ್ಕ್ರೀನ್ ನೋಡ್ಬೇಡಿ, ಅವರ ಕೈ ನೋಡಿ. ಏನೂ ಆಗೋ ಮುಂಚೇನೇ ಮೊಬೈಲನ್ನ ಮುಖದಿಂದ ಸ್ವಲ್ಪ ದೂರ ಹಿಡಿದ್ರೆ ಆ ಜಾಗ ಮುಟ್ಟೋಕೆ ಹೋಗ್ಬೇಡಿ. ಹೆಬ್ಬೆರಳು ಮುಂದಕ್ಕೆ ಓಡ್ಸೋಕೆ ಹೋಯ್ತಾ, ಎಷ್ಟನೇ ಸೆಕೆಂಡ್ ಅಂತ ಬರ್ಕೊಂಡು ಬಂದು ಅಲ್ಲಿ ಕತ್ತರಿ ಹಾಕಿ.