ಮರ್ಜ್ ಕಾನ್‌ಫ್ಲಿಕ್ಟ್: ಗುಂಡಿ ಒತ್ತುವ ಮುನ್ನ ಮೂಲ ನೋಡಿ

ಕೋಡ್ ಬದಲಾವಣೆಗಳ ಲೆಕ್ಕವಿಡುವ ಗಿಟ್‌ನಲ್ಲಿ ಎರಡು ಬ್ರಾಂಚ್ (ಬೇರೆಬೇರೆಯಾಗಿ ನಡೆದ ಕೆಲಸದ ಕವಲು) ಕೂಡಿಸುವಾಗ, ಅಂದರೆ ಮರ್ಜ್ ಮಾಡುವಾಗ, ಒಂದೇ ಜಾಗವನ್ನು ಇಬ್ಬರೂ ಬೇರೆಬೇರೆಯಾಗಿ ತಿದ್ದಿದ್ದರಿಂದ ಕಾನ್‌ಫ್ಲಿಕ್ಟ್ (ಜಗಳ) ಬಂತೆಂದರೆ ಸಾಕು, ಎಡಿಟರ್‌ನಲ್ಲಿ 'ಅಕ್ಸೆಪ್ಟ್ ಕರೆಂಟ್' (ನನ್ನದನ್ನೇ ಇಟ್ಟುಕೋ) ಒತ್ತಿ ಕೈತೊಳೆದುಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಎರಡು ದಿನ ಬಿಟ್ಟು ಪಕ್ಕದವರು "ನಾನು ಸರಿಮಾಡಿದ್ದ ಬಗ್ ಮತ್ತೆ ಹೇಗೆ ಬಂತು?" ಎಂದು ತಲೆ ಕೆರೆದುಕೊಳ್ಳುತ್ತಾರೆ.

ಮೊದಲು, ಅರ್ಧಂಬರ್ಧ ಕೆಲಸವಿದ್ದರೆ ಕಮಿಟ್ ಮಾಡಿ (ಗಿಟ್‌ನಲ್ಲಿ ದಾಖಲಿಸಿ), ಇಲ್ಲವೇ ಸ್ಟ್ಯಾಶ್‌ಗೆ ಹಾಕಿ (ತಾತ್ಕಾಲಿಕವಾಗಿ ಪಕ್ಕಕ್ಕಿಡಿ). ಆಮೇಲೆ ಮರ್ಜ್. ನಿಂತುಹೋದರೆ 'ಗಿಟ್ ಸ್ಟೇಟಸ್' ಕೊಡಿ. 'ಬೋತ್ ಮಾಡಿಫೈಡ್' (ಎರಡೂ ಕಡೆ ಬದಲಾಗಿದೆ) ಎಂದಿರುವ ಫೈಲುಗಳಲ್ಲೇ ಸಾಮಾನ್ಯವಾಗಿ ಜಗಳ. ಗಾಬರಿಯಾದರೆ ಮರ್ಜ್ ಕೈಬಿಟ್ಟು ಹಿಂದಿನ ಸ್ಥಿತಿಗೆ ಮರಳಲು 'ಗಿಟ್ ಮರ್ಜ್ --ಅಬಾರ್ಟ್' ಇದ್ದೇ ಇದೆ.

ಎಡವುವುದು ಇಲ್ಲಿ. ಫೈಲು ತೆರೆದರೆ ಏಳು = ಚಿಹ್ನೆಗಳ ಗೆರೆಯ ಮೇಲೆ ನಿಮ್ಮದು, ಕೆಳಗೆ ಅವರದು. ಮೇಲೆ 'ಗಡುವು = 60', ಕೆಳಗೆ 'ಕಾಯುವ_ಸಮಯ = 30' ಎಂದಿದೆ ಅನ್ನಿ. 30ನ್ನು ನೀವು 60 ಮಾಡಿದಿರೋ, 60ನ್ನು ಅವರು 30ಕ್ಕೆ ಇಳಿಸಿದರೋ? ಇಷ್ಟರಿಂದ ಗೊತ್ತಾಗುವುದಿಲ್ಲ. ಅದಕ್ಕೇ ಮರ್ಜ್.ಕಾನ್‌ಫ್ಲಿಕ್ಟ್‌ಸ್ಟೈಲ್ ಸೆಟ್ಟಿಂಗ್ ಅನ್ನು 'ಡಿಫ್3' ಮಾಡಿಡಿ. ಆಗ ಏಳು ನಿಲುಗೆರೆಗಳ (|) ಕೆಳಗೆ ಇಬ್ಬರೂ ಕೈಹಾಕುವ ಮೊದಲಿನ ಸಾಲೂ ಕಾಣುತ್ತದೆ. ಅಲ್ಲಿ 'ಗಡುವು = 30' ಇದ್ದರೆ ಸಂಖ್ಯೆ ಬದಲಿಸಿದ್ದು ನೀವು, ಹೆಸರು ಬದಲಿಸಿದ್ದು ಅವರು. ಸರಿಯಾದ ಸಾಲು 'ಕಾಯುವ_ಸಮಯ = 60'. 'ನಮ್ಮದು', 'ಅವರದು' ಎರಡರಲ್ಲಿ ಯಾವ ಗುಂಡಿ ಒತ್ತಿದ್ದರೂ ಇದು ಸಿಗುತ್ತಿರಲಿಲ್ಲ! ಮರ್ಜ್ ಈಗಾಗಲೇ ನಿಂತಿದ್ದರೆ 'ಗಿಟ್ ಚೆಕೌಟ್ --ಕಾನ್‌ಫ್ಲಿಕ್ಟ್=ಡಿಫ್3' ಜೊತೆ ಫೈಲಿನ ಹೆಸರು ಕೊಡಿ; ಆ ಫೈಲಿನಲ್ಲಿ ಅಷ್ಟರೊಳಗೆ ಕೈಯಾರೆ ತಿದ್ದಿದ್ದು ಮಾತ್ರ ಹೋಗುತ್ತದೆ. ಗಿಟ್ 2.35ರಿಂದ 'ಝೆಡ್‌ಡಿಫ್3' ಕೂಡ ಇದೆ, ಎರಡೂ ಕಡೆ ಒಂದೇ ಆಗಿರುವ ಆರಂಭದ, ಕೊನೆಯ ಸಾಲುಗಳನ್ನು ಜಗಳದಿಂದ ಹೊರಗಿಡುತ್ತದೆ. ನಾನು ಬಳಸುವುದು ಅದನ್ನೇ.

ಮರ್ಜ್ ಬದಲು ರೀಬೇಸ್ ಮಾಡುವವರೇ (ನಿಮ್ಮ ಕಮಿಟ್‌ಗಳನ್ನು ಇನ್ನೊಂದು ಬ್ರಾಂಚ್ ಮೇಲೆ ಕೂರಿಸುವವರೇ), ನಿಮಗೆ 'ಅವರ್ಸ್' (ನಮ್ಮದು), 'ದೇರ್ಸ್' (ಅವರದು) ತಿರುವುಮುರುವು: 'ಅವರ್ಸ್' ಎಂದರೆ ನೀವು ಯಾವುದರ ಮೇಲೆ ಕೂರಿಸುತ್ತಿದ್ದೀರೋ ಆ ಬ್ರಾಂಚ್. ಬಳಸುವ ಪ್ಯಾಕೇಜುಗಳ ನಿಖರ ಆವೃತ್ತಿಗಳನ್ನು ಬರೆದಿಡುವ ಪ್ಯಾಕೇಜ್ ಲಾಕ್ ಫೈಲನ್ನಂತೂ ಕೈಯಲ್ಲಿ ತಿದ್ದಲೇಬೇಡಿ. ಒಂದು ಕಡೆಯದನ್ನು ಇಟ್ಟುಕೊಂಡು ಇನ್‌ಸ್ಟಾಲ್ ಮತ್ತೊಮ್ಮೆ ಓಡಿಸಿ.

ಉಳಿದದ್ದು ಸುಲಭ: 'ಗಿಟ್ ಡಿಫ್ --ಚೆಕ್' ಕೊಟ್ಟು ಜಗಳದ ಗುರುತುಗಳು ಉಳಿದಿಲ್ಲವೆಂದು ನೋಡಿ, ಟೆಸ್ಟ್ ಓಡಿಸಿ, ಆಡ್, ಕಮಿಟ್.

ಅದೇ ಕಾನ್‌ಫ್ಲಿಕ್ಟ್ ಪದೇಪದೇ ಕಾಡುತ್ತಿದ್ದರೆ ಗಿಟ್‌ನ 'ರೆರೆರೆ' ಸೌಲಭ್ಯ ಆನ್ ಮಾಡಿ, ಅದು ನೀವು ಬಿಡಿಸಿದ ರೀತಿಯನ್ನು ನೆನಪಿಟ್ಟುಕೊಂಡು ಮುಂದಿನ ಸಲ ತಾನೇ ಹಾಕುತ್ತದೆ. ತಪ್ಪಾಗಿ ಬಿಡಿಸಿದ್ದರೆ ಅದನ್ನೂ ಹಾಗೇ ಹಾಕುತ್ತದೆ. ಆಗ 'ಗಿಟ್ ರೆರೆರೆ ಫರ್ಗೆಟ್' ಎಂದು ಫೈಲಿನ ಹೆಸರು ಕೊಡಿ.