ಬ್ಯಾಂಕಾಕ್‌ಗೆ ಒಬ್ಬರೇ ಹೊರಟವರಿಗೆ: ಮೊದಲ ದಿನದ ದಾರಿ

ಮೊದಲ ದಿನಕ್ಕೆ ಎರಡೇ ಕೆಲಸ ಇಟ್ಟುಕೊಳ್ಳಿ: ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ರೂಮು ಸೇರುವುದು, ಸಂಜೆ ಒಂದು ಸುತ್ತು ಹಾಕಿ ಬರುವುದು. ಬೆಂಗಳೂರಿನಿಂದ ರಾತ್ರಿ ಹೊರಡುವ ವಿಮಾನ ಬೆಳಗಿನ ಜಾವ ಇಳಿಯುತ್ತದೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ರೂಮು ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡರ ಮೇಲೆ, ಬ್ಯಾಗನ್ನು ಮಾತ್ರ ರಿಸೆಪ್ಷನ್‌ನಲ್ಲಿ ಮೊದಲೇ ಇಡಬಹುದು.

ಟಿಡಿಎಸಿ ಎಂಬ ಡಿಜಿಟಲ್ ಆಗಮನ ಕಾರ್ಡನ್ನು ಊರು ಬಿಡುವ ಮೊದಲೇ ತುಂಬಿ. 2025ರ ಮೇ 1ರಿಂದ ಇದು ಕಡ್ಡಾಯ. ಇಳಿಯುವುದಕ್ಕೆ ಮುಂಚಿನ ಮೂರು ದಿನಗಳೊಳಗೆ ತುಂಬಬೇಕು, ಶುಲ್ಕವಿಲ್ಲ. ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ. ಟ್ಯಾಕ್ಸಿ ಕರೆಯುವ ಗ್ರ್ಯಾಬ್ ಅಥವಾ ಬೋಲ್ಟ್ ಆ್ಯಪ್‌ಗೆ ಬರುವ ಓಟಿಪಿಯನ್ನು ಇಲ್ಲೇ ಮುಗಿಸಿ. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆ ಆನ್ ಮಾಡಿ. ಹೋಟೆಲಿನ ವಿಳಾಸವನ್ನು ಥಾಯ್ ಲಿಪಿಯಲ್ಲೇ, ಫೋನ್ ನಂಬರ್ ಸಮೇತ ಸ್ಕ್ರೀನ್‌ಶಾಟ್ ತೆಗೆದಿಡಿ. ಅನೇಕ ಟ್ಯಾಕ್ಸಿಯವರಿಗೆ ಇಂಗ್ಲಿಷ್ ವಿಳಾಸ ಓದಲು ಬರುವುದಿಲ್ಲ. ಹೋಟೆಲಿಗೆ ಫೋನ್ ಹಚ್ಚಿಕೊಟ್ಟರೆ ಮಾತು ಒಂದೇ ನಿಮಿಷದಲ್ಲಿ ಮುಗಿಯುತ್ತದೆ.

ಹೊರಬರುವ ಹಾಲ್ ಎರಡನೇ ಮಹಡಿಯಲ್ಲಿದೆ. ಎದುರಿಗೇ ಕಾಣುವ ಕೌಂಟರ್‌ಗಳಲ್ಲಿ ಹಣ ಬದಲಿಸಬೇಡಿ, ನೆಲಮಾಳಿಗೆಯ ಬಿ ಮಹಡಿಗೆ ಇಳಿಯಿರಿ. ರೈಲಿನ ಬಾಗಿಲ ಹತ್ತಿರವಿರುವ ವಿನಿಮಯ ಕೌಂಟರ್‌ಗಳಲ್ಲಿ ದರ ಚೆನ್ನಾಗಿರುತ್ತದೆ. ಪಾಸ್‌ಪೋರ್ಟ್ ಕೇಳುತ್ತಾರೆ. ನೂರು ಡಾಲರ್ ನೋಟಿಗೆ ಸಿಗುವ ದರ ಚಿಲ್ಲರೆ ಡಾಲರ್‌ಗೆ ಸಿಗುವುದಿಲ್ಲ, ಹರಿದ ಅಥವಾ ಗೀಚಿದ ನೋಟನ್ನು ಮುಟ್ಟುವುದೇ ಇಲ್ಲ. ಎಟಿಎಂ ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ (ಅಲ್ಲಿನ ಹಣ) ಅಥವಾ ಅದಕ್ಕಿಂತ ಹೆಚ್ಚು ಹಿಡಿಯುವುದರಿಂದ ಬೇಕಾದಷ್ಟನ್ನು ಒಂದೇ ಸಲ ತೆಗೆಯಿರಿ. ರೂಪಾಯಿಯಲ್ಲೋ ಬಾತ್‌ನಲ್ಲೋ ಎಂದು ಪರದೆ ಕೇಳಿದರೆ ಬಾತ್ ಒತ್ತಿ. ರೂಪಾಯಿ ಒತ್ತಿದರೆ ಆ ಎಟಿಎಂನವರು ತಮಗೆ ಬೇಕಾದ ದರ ಹಾಕುತ್ತಾರೆ.

ಆ ಬಿ ಮಹಡಿಯಿಂದಲೇ ನಗರಕ್ಕೆ ಹೋಗುವ ಏರ್‌ಪೋರ್ಟ್ ರೈಲ್ ಲಿಂಕ್ ಹತ್ತಬಹುದು. ಕೊನೆಯ ನಿಲ್ದಾಣ ಫಯಾ ಥಾಯ್‌ಗೆ 45 ಬಾತ್, ಹೆಚ್ಚುಕಡಿಮೆ ಅರ್ಧ ಗಂಟೆ. ಟೋಕನ್ ನಮ್ಮ ಮೆಟ್ರೋದಂತೆಯೇ: ಒಳಗೆ ಹೋಗುವಾಗ ತಾಗಿಸಿ, ಹೊರಬರುವಾಗ ಹಾಕಿ. ನಗರದೊಳಗಿನ ಎರಡು ಮೆಟ್ರೋಗಳಲ್ಲಿ ಬಿಟಿಎಸ್ ಫಯಾ ಥಾಯ್‌ನಲ್ಲಿ, ಎಂಆರ್‌ಟಿ ಮಕ್ಕಸನ್‌ನಲ್ಲಿ ಸಿಗುತ್ತದೆ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಆಫೀಸಿಗೆ ಹೋಗುವವರಿಂದ ರೈಲು ಗಿಜಿಗುಡುತ್ತದೆ, ದೊಡ್ಡ ಸೂಟ್‌ಕೇಸ್ ಇದ್ದರೆ ಟ್ಯಾಕ್ಸಿಯೇ ಲೇಸು. ಮೊದಲ ಮಹಡಿಯ ಯಂತ್ರದಿಂದ ಚೀಟಿ ತೆಗೆದುಕೊಂಡು, ಅದರಲ್ಲಿರುವ ನಂಬರಿನ ಸಾಲಿಗೆ ಹೋಗಿ. ಮೀಟರ್ ಹಣದ ಮೇಲೆ 50 ಬಾತ್, ಜೊತೆಗೆ ಟೋಲ್. ಮೀಟರ್ ಹಾಕದವರ ವಿರುದ್ಧ ದೂರಿಗೆ ಆ ಚೀಟಿಯೇ ಆಧಾರ, ಇಳಿಯುವವರೆಗೂ ಕೊಡಬೇಡಿ.

ಹೊಸಬರು ಹೆಚ್ಚು ಸುತ್ತುವುದು ಸುಖುಮ್ವಿತ್ ರಸ್ತೆಯಲ್ಲಿ. ಅಡ್ಡರಸ್ತೆಗೆ ಅಲ್ಲಿ ಸೋಯ್ ಎನ್ನುತ್ತಾರೆ. ಬೆಸ ಸಂಖ್ಯೆಯವು ರಸ್ತೆಯ ಉತ್ತರಕ್ಕೆ, ಸಮ ಸಂಖ್ಯೆಯವು ದಕ್ಷಿಣಕ್ಕೆ. ಎದುರುಬದುರಿನ ಸಂಖ್ಯೆಗಳು ಹೊಂದುವುದಿಲ್ಲ: ಸೋಯ್ 55ರ ಎದುರು ಇರುವುದು ಸೋಯ್ 38, ಸೋಯ್ 63ರ ಎದುರು ಸೋಯ್ 42. ಹೋಟೆಲ್ ಸೋಯ್ 40ರಲ್ಲಿದೆ ಎಂದು 39ರ ಹತ್ತಿರ ಇಳಿದರೆ ಬ್ಯಾಗ್ ಎಳೆದುಕೊಂಡು ಬಿಸಿಲಲ್ಲಿ ಬಹಳ ದೂರ ನಡೆಯಬೇಕು. ಯಾವ ಸ್ಟೇಷನ್, ಎಷ್ಟನೇ ಎಕ್ಸಿಟ್ ಎಂದು ಹೋಟೆಲಿನವರನ್ನೇ ಕೇಳಿ ಬರೆದಿಟ್ಟುಕೊಳ್ಳಿ.

ಬಿಟಿಎಸ್ ಮೇಲೆ ಓಡುವ ರೈಲು, ಎಂಆರ್‌ಟಿ ನಗರದ ನಡುಭಾಗದಲ್ಲಿ ಹೆಚ್ಚಾಗಿ ನೆಲದಡಿಯದು. ಎರಡಕ್ಕೂ ಟಿಕೆಟ್ ಬೇರೆ. ಎಂಆರ್‌ಟಿ ಗೇಟಿನಲ್ಲಿ ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನ ಬ್ಯಾಂಕ್ ಕಾರ್ಡ್ ತಾಗಿಸಿದರೆ ಸಾಕು. ಸೇರುವ ಜಾಗಕ್ಕೂ ಎರಡು ಹೆಸರು: ಬಿಟಿಎಸ್‌ನ ಅಸೋಕ್ ಎಂಆರ್‌ಟಿಯಲ್ಲಿ ಸುಖುಮ್ವಿತ್, ಸಾಲಾ ಡೇಂಗ್ ಅಲ್ಲಿ ಸಿಲೋಮ್. ಹೆಸರು ಬೇರೆಯಾಯಿತೆಂದು ಗಾಬರಿಯಾಗಬೇಡಿ.

ಸಸ್ಯಾಹಾರಿಗಳು ಕೆಂಪು ಅಕ್ಷರದ ಹಳದಿ ಬಾವುಟ ಹುಡುಕಲಿ. ಅಲ್ಲಿ ಸಿಗುವುದು ‘ಜೇ’ ಊಟ. ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಬೇರೆ ಕಡೆ ಬರೀ ತರಕಾರಿ ಎಂದರೂ ಮೀನಿನ ಸಾಸ್ ಬೀಳುತ್ತದೆ. ರೊಟ್ಟಿ ದಾಲ್ ಬೇಕೆಂದರೆ ಎಂಆರ್‌ಟಿಯ ಸಾಮ್ ಯೋಟ್‌ನಲ್ಲಿ ಇಳಿದು ಭಾರತೀಯರ ಪೇಟೆ ಫಾಹುರತ್‌ಗೆ ನಡೆಯಿರಿ.

ಸಂಜೆಗೆ ವಾಟ್ ಫೋ ಬೌದ್ಧ ದೇವಾಲಯ ಸಾಕು, ಗ್ರ್ಯಾಂಡ್ ಪ್ಯಾಲೇಸ್ ಅರಮನೆ ಮರುದಿನ ಬೆಳಿಗ್ಗೆ ಎಂಟೂವರೆಗೆ. ಸುಖುಮ್ವಿತ್‌ನಿಂದ ಎಂಆರ್‌ಟಿ ರೈಲು ಬದಲಿಸದೆ ಸನಾಮ್ ಚಾಯ್‌ಗೆ ಹೋಗುತ್ತದೆ, ಅಲ್ಲಿಂದ ನಡಿಗೆಯ ದೂರ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. 46 ಮೀಟರ್ ಉದ್ದದ ಮಲಗಿದ ಬುದ್ಧನ ಪಾದಗಳ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಅಂಗಾಲಿನ ಮುತ್ತಿನ ಚಿಪ್ಪಿನ ಕೆತ್ತನೆ ದೂರದಿಂದ ತಿಳಿಯುವುದಿಲ್ಲ. ದಾರಿಯಲ್ಲಿ ಯಾರಾದರೂ ನಯವಾಗಿ ‘ಇವತ್ತು ಮುಚ್ಚಿದೆ, ಕಡಿಮೆ ದುಡ್ಡಿಗೆ ಬೇರೆ ದೇವಸ್ಥಾನ ತೋರಿಸುತ್ತೇನೆ’ ಎಂದರೆ ನಿಲ್ಲದೆ ಗೇಟಿನವರೆಗೂ ನಡೆಯಿರಿ. ಆ ಟುಕ್‌ಟುಕ್ ಹೋಗುವುದು ರತ್ನದ ಅಂಗಡಿಗೋ ದರ್ಜಿಯ ಅಂಗಡಿಗೋ, ಅಲ್ಲಿ ಅವನಿಗೆ ಕಮಿಷನ್ ಇರುತ್ತದೆ. ಬೆನ್ನುಬಿಡದಿದ್ದರೆ ಪ್ರವಾಸಿ ಪೊಲೀಸರ ನಂಬರ್ 1155.