ಕಟ್ಟಿಗೆ ಬೋರ್ಡು ಇಳಿಸುವ ಮುನ್ನ ಗೋಡೆಯೊಳಗಿನ ವೈರು ನೋಡಿ

ವಿಜಯಪುರದ ಹಳೆಯ ಓಣಿಗಳ ಮಾಳಿಗೆ ಮನೆಗಳಲ್ಲಿ ಪಡಸಾಲೆಯ ಕಟ್ಟಿಗೆ ಬೋರ್ಡು, ಕಬ್ಬಿಣದ ಮೇನ್ ಸ್ವಿಚ್ಚು, ಪಿಂಗಾಣಿಯ ಎರಡು ಫ್ಯೂಸು ಇನ್ನೂ ಕಾಣಸಿಗುತ್ತವೆ. ನಾಲ್ಕು ಬಲ್ಬು, ಎರಡು ಫ್ಯಾನಿನ ಕಾಲದ್ದು. ಈಗ ಅದರ ಮೇಲೆಯೇ ಫ್ರಿಜ್, ಗೀಜರ್, ಬೋರಿನ ಮೋಟರ್, ಬೇಸಿಗೆ ಬಂದರೆ ಕೂಲರ್. ಫ್ಯೂಸು ಹೋದಾಗೆಲ್ಲ "ಇನ್ನೊಂದ್ ಎಳಿ ಹಾಕ್ರಿ" ಅನ್ನುತ್ತೇವೆ. ಫ್ಯೂಸಿನ ತಂತಿಯ ಎಳೆ ದಪ್ಪವಾದರೆ ಫ್ಯೂಸು ಉಳಿಯುತ್ತದೆ, ಗೋಡೆಯೊಳಗಿನ ವೈರು ಸುಡುತ್ತದೆ.

ನನಗೆ ಇನ್ನೂ ಹೆಚ್ಚು ಭಯ ನ್ಯೂಟ್ರಲ್‌ಗೆ, ಅಂದರೆ ಕರೆಂಟ್ ಮರಳುವ ವೈರಿಗೆ, ಹಾಕಿದ ಫ್ಯೂಸಿನದು. ಅದು ಹೋದರೆ ದೀಪ ಆರುತ್ತದೆ. ಕರೆಂಟ್ ಇಲ್ಲವೆಂದು ಹೋಲ್ಡರಿಗೆ ಕೈ ಹಾಕಿದರೆ ಫೇಸ್, ಅಂದರೆ ಕರೆಂಟ್ ತರುವ ವೈರು, ಅಲ್ಲೇ ಜೀವಂತ ಇರುತ್ತದೆ!

ಈ ಬೋರ್ಡು ಇಳಿಸಿ ಎಂಸಿಬಿ (ಲೋಡು ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್ಚು) ಬಾಕ್ಸ್ ಹಾಕಿಸುವುದಾದರೆ ಮೊದಲು ಲೋಡು ಲೆಕ್ಕ ಹಾಕಿ. 2 ಕಿಲೋವ್ಯಾಟ್ ಗೀಜರ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮಂಜೂರಾದ ಲೋಡು ಸಾಲದಿದ್ದರೆ ನಮ್ಮ ಕಡೆಯ ವಿದ್ಯುತ್ ಕಂಪನಿ ಹೆಸ್ಕಾಂ ಕಚೇರಿಗೆ ಅರ್ಜಿ ಕೊಡಿ. ಬೋರ್ಡು ಬದಲಿಸುವುದು ಲೈಸೆನ್ಸ್ ಇರುವ ಗುತ್ತಿಗೆದಾರರ ಕೆಲಸ. ನೀವು ಎದುರಿಗೆ ನಿಂತು ಕೇಳುವವರು, ಅಷ್ಟೇ.

ಮೇನ್ ಆಫ್ ಮಾಡಿದರೂ ಮೀಟರಿನಿಂದ ಅಲ್ಲಿಯವರೆಗಿನ ವೈರಿನಲ್ಲಿ ಕರೆಂಟ್ ಇರುತ್ತದೆ. ಆದ್ದರಿಂದ ಸಪ್ಲೈಯನ್ನು ಹೆಸ್ಕಾಂನವರಿಂದಲೇ ತೆಗೆಸಿ, ಮೀಟರಿನ ಸೀಲು ಮುಟ್ಟಬೇಡಿ. ಇನ್ವರ್ಟರ್ ಇದ್ದರೆ ಅದನ್ನೂ ಬಂದ್ ಮಾಡಿ. ಇದನ್ನು ಮರೆಯುವವರೇ ಹೆಚ್ಚು.

ಹಳೆಯ ಬೋರ್ಡು ಬಿಚ್ಚುವ ಮೊದಲು ಫೋಟೊ ತೆಗೆದು, ಯಾವ ವೈರು ಯಾವ ಕೋಣೆಗೆ ಎಂದು ಚೀಟಿ ಅಂಟಿಸಿ. ಬಣ್ಣ ನಂಬಬೇಡಿ. ಬಟ್ಟೆ-ರಬ್ಬರಿನ ಹೊದಿಕೆ ಬೆರಳಿಗೆ ಪುಡಿಯಾದರೆ ಆ ವೈರನ್ನು ಹೊಸ ಬಾಕ್ಸಿಗೆ ಸೇರಿಸದೆ ಪೂರ್ತಿ ಬದಲಿಸಿ. ಬಾಕ್ಸಿಗೆ ಖರ್ಚು ಮಾಡಿ ವೈರಿಗೆ ಹಿಂದೇಟು ಹಾಕುವುದು ಹರಕು ಚೀಲಕ್ಕೆ ಬೀಗ ಹಾಕಿದಂತೆ.

ಇನ್ನು ಎಂಸಿಬಿ. ಅದು ಕಾಯುವುದು ವೈರನ್ನು, ಗೀಜರನ್ನಲ್ಲ. 1.5 ಚದರ ಮಿಲಿಮೀಟರಿನ ದೀಪದ ಸಾಲಿಗೆ 6 ಅಥವಾ 10 ಆಂಪಿಯರ್, 2.5ರ ಪ್ಲಗ್ಗುಗಳಿಗೆ 16 ಸಾಮಾನ್ಯ. ಪದೇ ಪದೇ ಬೀಳುತ್ತದೆಂದು 32ರದ್ದು ಹಾಕಿಸಿದರೆ ಮತ್ತದೇ ದಪ್ಪ ಎಳೆಯ ಕಥೆ. ಮೋಟರಿಗೆ 'ಸಿ' ಗುಂಪಿನದು ಬೇಕು, ಶುರುವಾಗುವಾಗ ಅದು ಹೆಚ್ಚು ಎಳೆಯುತ್ತದೆ. ಮೇನ್ ಆದ ಮೇಲೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ಅದು ಕರೆಂಟ್ ಸೋರಿದರೆ ಬೀಳುತ್ತದೆ, ಲೋಡು ಹೆಚ್ಚಾದರೆ ಬೀಳುವುದಿಲ್ಲ, ಎರಡೂ ಬೇಕು.

ಅರ್ಥಿಂಗ್ ಗುಂಡಿಯನ್ನೂ ಪರೀಕ್ಷಿಸಿ. ಬೇಸಿಗೆಯಲ್ಲಿ ನಮ್ಮ ಎರೆಮಣ್ಣು ಒಣಗಿ ಬಿರಿದು ಅಲ್ಲಿ ಹೂತ ಪೈಪಿನಿಂದ ಬಿಟ್ಟುಕೊಳ್ಳುತ್ತದೆ. ಆಗಾಗ ನೀರು ಸುರಿಯಿರಿ.

ಕೊನೆಗೆ ಒಂದೊಂದೇ ಎಂಸಿಬಿ ಆನ್ ಮಾಡಿಸುತ್ತ ಬನ್ನಿ. ಒಂದು ಕೋಣೆಗೆ ಬಂದಾಗ ಆರ್‌ಸಿಸಿಬಿ ಬಿದ್ದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಯಾರೋ ಹಿಂದೆ ನ್ಯೂಟ್ರಲ್ ಅನ್ನು ಅರ್ಥಿಗೆ ಜೋಡಿಸಿದ್ದಾರೆ. "ಆರ್‌ಸಿಸಿಬಿ ತೆಗೆದುಬಿಡೋಣ್ರಿ" ಅನ್ನುವ ವೈರ್‌ಮನ್‌ಗೆ ಚಹಾ ಕೊಟ್ಟು ಕಳಿಸಿ, ದೋಷ ಹುಡುಕುವವರನ್ನು ಕರೆಸಿ. ಆಮೇಲೆ ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ, ತಟ್ಟನೆ ಬೀಳಬೇಕು.